ಮುಂದಿನ ಸೀಟಿನ ಕಪ್ಪು ಗಾಜು

ಬಿಸಿಲು ಬಂದರೆ ಬೇಜಾರು ಮಾಡಿಕೊಳ್ಳುವ ಮನೆ ಇಡೀ ಗೋಥೆನ್‌ಬರ್ಗ್‌ನಲ್ಲಿ ನಮ್ಮದೊಂದೇ ಇರಬೇಕು. ಇಲ್ಲಿನ ಜನ ಚಳಿಗಾಲವೆಲ್ಲ ಕತ್ತಲಲ್ಲಿ ಕಳೆದು, ಒಂದಿಷ್ಟು ಬಿಸಿಲು ಕಂಡರೆ ಸಾಕು, ಟ್ರಾಮ್ ಸ್ಟಾಪಿನ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಹಪ್ಪಳ ಒಣಹಾಕಿದ ಹಾಗೆ ಮುಖ ಒಣಹಾಕಿಕೊಂಡು ನಿಲ್ಲುತ್ತಾರೆ. ನಾವು ಮಾತ್ರ ಬೆಳಿಗ್ಗೆ ಪರದೆ ಸರಿಸಿ, "ಸದ್ಯ, ಒಳ್ಳೇ ಮೋಡ" ಎಂದು ಸಂತೋಷಪಡುತ್ತೇವೆ. ಕಾರಣ ನನ್ನ ಮೊಮ್ಮಗಳು. ಅವಳಿಗೆ ಬಿಸಿಲು ಆಗುವುದಿಲ್ಲ. ಸ್ವಲ್ಪ ಹೊತ್ತು ಬಿದ್ದರೂ ಕೈ, ಮುಖವೆಲ್ಲ ಕೆಂಪಗೆ ದದ್ದು ಎದ್ದು ಉರಿಯುತ್ತದೆ. ಅವಳು ಹುಟ್ಟಿದಾಗ ಇದು ಯಾರಿಗೂ ಗೊತ್ತಿರಲಿಲ್ಲ. ಮಗಳು ಮಂಜುಳಾ ಫೋನು ಮಾಡಿ, "ಅಪ್ಪಾ, ಒಂದು ಹೆಸರು ಹೇಳು" ಎಂದಾಗ ಬಹಳ ಯೋಚಿಸಿ 'ರಶ್ಮಿ' ಎಂದವನು ನಾನೇ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವರ ಹತ್ತಿರ ಹೆಸರು ಕೇಳಿದರೆ ಹೀಗೇ ಆಗುವುದು ಎಂದು ನನ್ನ ಹೆಂಡತಿ ಸಾವಿತ್ರಿ ಈಗಲೂ ಹಂಗಿಸುತ್ತಾಳೆ.

ಆ ರಶ್ಮಿ ಕಳೆದ ಚಳಿಗಾಲದಲ್ಲಿ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡಳು. ನಾನು ತಿಪಟೂರಿನಲ್ಲಿ ಬ್ಲೌಸು ಹೊಲಿದು ಬದುಕಿದವನು. ನಮ್ಮ ವಂಶದಲ್ಲಿ ಯಾರಾದರೂ ಕಾಲಿನಲ್ಲಿ ತುಳಿದು ಓಡಿಸಿದ್ದರೆ ಅದು ಹೊಲಿಗೆ ಮಿಷನ್ನು ಮಾತ್ರ. ಅಂಥ ಮನೆಯ ಹುಡುಗಿ ಹಿಮದ ರಸ್ತೆಯಲ್ಲಿ ಕಾರು ತಿರುಗಿಸಿ ಪಾಸಾಗಿ ಬಂದಳೆಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಾದರೂ ಹೇಗೆ? ಸಂಕ್ರಾಂತಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದಾಗ ಕೇಳಿದವರಿಗೂ ಹೇಳಿದೆ, ಕೇಳದವರನ್ನು ಹುಡುಕಿಕೊಂಡು ಹೋಗಿಯೂ ಹೇಳಿದೆ. ಎಳ್ಳುಬೆಲ್ಲ ಕೊಡುವ ನೆಪ ಇದ್ದೇ ಇತ್ತು.

ಆಮೇಲೆ ಬಿಸಿಲು ಬಂತು. ನಮ್ಮ ಕಾರಿನ ಹಿಂದಿನ ಗಾಜುಗಳು ಅವಳು ಮಗುವಾಗಿದ್ದಾಗಿನಿಂದಲೂ ಕಪ್ಪು. ಹಿಂದೆ ಎಷ್ಟು ಕಪ್ಪು ಮಾಡಿದರೂ ಇಲ್ಲಿ ಯಾರೂ ಕೇಳುವುದಿಲ್ಲ. ಮುಂದಿನ ಎರಡು ಬಾಗಿಲುಗಳ ಗಾಜು ಮಾತ್ರ ತಿಳಿಯಾಗಿಯೇ ಇರಬೇಕೆಂದು ಕಾನೂನು. ರಸ್ತೆ ದಾಟುವವರಿಗೆ ಡ್ರೈವರ್ ಮುಖ ಕಾಣಬೇಕಂತೆ. ಬಿಸಿಲು ಆಗದ ಕೆಲವರಿಗೆ, ಕಣ್ಣಿಗೆ ಕಾಣದ ಕಿರಣ ತಡೆಯುವ ಬಣ್ಣವಿಲ್ಲದ ಪ್ಲಾಸ್ಟಿಕ್ ಹಾಳೆಯನ್ನು ಗಾಜಿಗೆ ಅಂಟಿಸಿದರೂ ನಡೆಯುತ್ತದೆ. ಇವಳಿಗೆ ಕಣ್ಣಿಗೆ ಕಾಣುವ ಬೆಳಕೇ ಶತ್ರು. ಎದುರಿನಿಂದ ಬರುವ ಬಿಸಿಲನ್ನು ಟೋಪಿ, ಕೈಗವಸು ಹೇಗೋ ತಡೆಯುತ್ತವೆ. ಪಕ್ಕದಿಂದ ಕೆನ್ನೆಗೆ ಬಡಿಯುವುದನ್ನು ತಡೆಯಲು ಏನೂ ಇಲ್ಲ. ಶರತ್ಕಾಲಕ್ಕೆ ನರ್ಸಿಂಗ್ ಕಾಲೇಜು ಶುರು. ಅದಿರುವುದು ಟ್ರಾಮ್ ಹೋಗದ ಊರಿನಲ್ಲಿ.

"ನಾನೇ ಬಿಟ್ಟು ಬರ್ತೀನಿ ಬಿಡು, ಹಿಂದೆ ಕೂತ್ಕೋ" ಎಂದಳು ಮಂಜುಳಾ.

ರಶ್ಮಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹುಟ್ಟಿದಾಗಿಂದ ಹಿಂದಿನ ಸೀಟಲ್ಲೇ ಇದೀನಮ್ಮ. ಒಂದ್ಸಲ ಮುಂದೆ ಬರ್ತೀನಿ ಅಂದ್ರೆ ತಪ್ಪಾ?"

ಮಾರನೆಯ ದಿನವೇ ಟೇಪು ಹಿಡಿದು ಕಾರಿಗೆ ಅಳತೆ ತೆಗೆದೆ. ಹೊಲಿಯುವವನಿಗೆ ಲೋಕದ ಎಲ್ಲ ತೊಂದರೆಗೂ ಒಂದು ಬಟ್ಟೆ ಕಾಣುತ್ತದೆ. ಒಳ್ಳೇ ಕಪ್ಪು ಬಟ್ಟೆ ತಂದು ಮುಂದಿನ ಎರಡು ಕಿಟಕಿಗಳಿಗೂ ಪರದೆ ಹೊಲಿದೆ. ಹೊಲಿದವನು ಸುಮ್ಮನಿರಬೇಕಲ್ಲ, ಕೈ ಕೇಳಲಿಲ್ಲ. ಕೆಳಗೆ ನೆರಿಗೆ ಕೊಟ್ಟೆ, ಅಂಚಿಗೆ ಜರಿ ಇಟ್ಟೆ. ಕಟ್ಟಿ ಮುಗಿಸಿ, ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದ ಕಾರಿನಲ್ಲಿ ರಶ್ಮಿಯನ್ನು ಕೂರಿಸಿದೆ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ತಾತ, ಬಿಸಿಲು ಒಂಚೂರೂ ಬರ್ತಿಲ್ಲ."

"ನೋಡಿದ್ಯಾ?"

"ಸೈಡ್ ಮಿರರ್ರೂ ಕಾಣ್ತಿಲ್ಲ. ಪಕ್ಕದಲ್ಲಿ ಬಸ್ ಬಂದ್ರೂ ಗೊತ್ತಾಗಲ್ಲ."

ಸಾವಿತ್ರಿ ಹೊರಗೆ ನಿಂತು ಜರಿಯಂಚನ್ನು ಮುಟ್ಟಿ ನೋಡಿದಳು. "ರೀ, ಇದು ಕಾರೋ, ಮದುಮಗಳು ಕೂರೋ ಪಲ್ಲಕ್ಕಿಯೋ? ಹೊರೋ ಬೋವಿಗಳನ್ನೂ ನೀವೇ ಕರೆಸ್ತೀರಾ?" ಎಂದಳು. ಆ ಪರದೆಗಳು ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿವೆ. ಬಂದವರೆಲ್ಲ ಹೊಗಳುತ್ತಾರೆ, ಅದು ಬೇರೆ ಮಾತು.

ಕೊನೆಗೆ ದಾರಿ ಹುಡುಕಿದವಳು ರಶ್ಮಿಯೇ. ಕಾಯಿಲೆ ಇರುವವರಿಗೆ ಈ ಕಾನೂನಿನಿಂದ ವಿನಾಯಿತಿ ಕೇಳಬಹುದಂತೆ. ಚರ್ಮದ ಡಾಕ್ಟರು ಬರೆದುಕೊಟ್ಟರು, ಇವಳು ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದಳು. ಆಮೇಲೆ ಕಾಯುವುದು. ನಮ್ಮೂರಿನಲ್ಲಾದರೆ ಆಫೀಸಿಗೆ ಹೋಗಿ, ಅಲ್ಲಿನ ಬೆಂಚಿನ ಮೇಲೆ ದಿನಾ ಕೂತು, ಗುಮಾಸ್ತರಿಗೆ ನಮ್ಮ ಮುಖ ನೋಡಿ ನೋಡಿ ಬೇಸರವಾಗಿ ಕೆಲಸ ಆಗುತ್ತಿತ್ತು. ಇಲ್ಲಿ ಬೆಂಚೂ ಇಲ್ಲ, ಗುಮಾಸ್ತರೂ ಇಲ್ಲ.

"ನಾನೇ ಹೋಗಿ ಕೈ ಮುಗಿದು ಕೇಳಲಾ?" ಎಂದೆ.

"ಯಾರಿಗೆ ಮುಗೀತೀಯ ತಾತ? ವೆಬ್‌ಸೈಟಿಗಾ?"

ನಾನು ಹಾಗೂ ಬಿಡಲಿಲ್ಲ. ಅವಳು ಲ್ಯಾಪ್‌ಟಾಪ್ ಬಿಟ್ಟು ಎದ್ದುಹೋದಾಗ ಅದಕ್ಕೇ ಒಂದು ನಮಸ್ಕಾರ ಹಾಕಿದೆ.

ಬೇಸಿಗೆ ಮುಗಿಯುವುದರೊಳಗೆ ಒಪ್ಪಿಗೆ ಬಂತು. ಈ ಕಾರಿಗೆ ಕಪ್ಪು ಹಾಳೆ ಅಂಟಿಸಬಹುದು, ಒಪ್ಪಿಗೆಯ ಕಾಗದ ಸದಾ ಕಾರಿನಲ್ಲಿರಬೇಕು, ಅಷ್ಟೆ. ರಶ್ಮಿ ಅದನ್ನು ಸ್ವೀಡಿಷ್‌ನಲ್ಲಿ ಓದಿ, ಇಂಗ್ಲಿಷಿನಲ್ಲಿ ಕುಣಿದು, ಕನ್ನಡದಲ್ಲಿ ಅತ್ತಳು. ನನಗೆ ಮೂರೂ ಅರ್ಥವಾಯಿತು. ಹಾಳೆ ಅಂಟಿಸಿಕೊಂಡು ಬಂದ ದಿನ ಸಾವಿತ್ರಿ ಆರತಿ ತಂದಳು. ದೃಷ್ಟಿ ತಾಗದಿರಲೆಂದು ಕಾಡಿಗೆಯ ಬೊಟ್ಟನ್ನೂ ಇಡಲು ಹೋಗಿ, ಕಪ್ಪು ಗಾಜನ್ನೊಮ್ಮೆ ನೋಡಿ ಬೆರಳು ಒರೆಸಿಕೊಂಡಳು. "ಸರ್ಕಾರದೋರೇ ಇಟ್ಟಿದಾರೆ, ಬಿಡಿ" ಎಂದಳು.

ಮೊದಲ ಸವಾರಿಗೆ ಪಕ್ಕದ ಸೀಟು ನನ್ನದೆಂದು ಆಗಲೇ ಗೊತ್ತು ಮಾಡಿಕೊಂಡಿದ್ದೆ. ಇಸ್ತ್ರಿ ಶರ್ಟು, ಮೇಲೆ ಕೋಟು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ರಶ್ಮಿಯ ಕೆನ್ನೆ ಮೇಲೆ ತಂಪು ನೆರಳು. ಅವಳು ಹಾಡು ಗುನುಗುತ್ತಾ ಓಡಿಸುತ್ತಿದ್ದಳು. ಟ್ರಾಮ್ ಸ್ಟಾಪಿನಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯ ಕನ್ನಡದವರು, ಸಂಕ್ರಾಂತಿಯ ದಿನ ನನ್ನ ಮಾತು ಪೂರ್ತಿ ಕೇಳಿದ್ದ ಪುಣ್ಯಾತ್ಮರು, ನಿಂತಿದ್ದರು. ನಾನು ಎರಡೂ ಕೈ ಬೀಸಿದೆ. ಅವರು ಮುಖ ಒಣಹಾಕಿಕೊಂಡೇ ಇದ್ದರು. ಮುಂದಿನ ಸ್ಟಾಪಿನಲ್ಲಿ ಗುರುತಿಲ್ಲದವರಿಗೂ ಬೀಸಿದೆ. ಒಬ್ಬರೂ ತಿರುಗಲಿಲ್ಲ.

"ತಾತ, ಹೊರಗಿನಿಂದ ಯಾರಿಗೂ ನೀನು ಕಾಣಲ್ಲ."

ಅದು ನನಗೆ ಹೊಳೆದದ್ದೇ ಆಗ. ಲ್ಯಾಪ್‌ಟಾಪಿಗೆ ಕೈ ಮುಗಿದು ತರಿಸಿಕೊಂಡ ಕತ್ತಲೆ. ಗಾಜು ಇಳಿಸಲು ಕೈ ಹೋಯಿತು. ಅವಳ ಕೆನ್ನೆ ನೋಡಿ ವಾಪಸು ತಂದೆ.

ಸೇತುವೆ ದಾಟಿದ ಮೇಲೆ ಪೊಲೀಸರು ನಿಲ್ಲಿಸಿದರು. ಕಪ್ಪು ಗಾಜು ಕಂಡರೆ ನಿಲ್ಲಿಸುತ್ತಾರೆ ಎಂದು ರಶ್ಮಿಗೆ ಗೊತ್ತಿತ್ತು. ಅವಳ ಕಡೆ ಬಿಸಿಲಿದ್ದುದರಿಂದ ನನ್ನ ಕಡೆಯ ಗಾಜು ಇಳಿಸಿದಳು. ಪೊಲೀಸರಲ್ಲೊಬ್ಬ ಹೆಣ್ಣುಮಗಳು ಬಗ್ಗಿ ನೋಡಿದರು. ನಾನು ಒಪ್ಪಿಗೆಯ ಕಾಗದ ಕೊಟ್ಟು, ಸ್ಟೀರಿಂಗಿನ ಕಡೆ ಬೆರಳು ತೋರಿಸಿ, ನನಗೆ ಗೊತ್ತಿರುವ ನಾಲ್ಕಾರು ಸ್ವೀಡಿಷ್ ಮಾತಿನಲ್ಲಿ "ನನ್ನ ಮೊಮ್ಮಗಳು" ಎಂದೆ. ಅವರು ಕಾಗದ ಓದಿ, ರಶ್ಮಿಯನ್ನು ನೋಡಿ, ನನ್ನ ಕೋಟು ನೋಡಿ ನಕ್ಕರು. ಏನೋ ಹೇಳಿ ಹೆಬ್ಬೆರಳು ಎತ್ತಿದರು.

"ಏನಂದ್ರು?"

"ತುಂಬಾ ಚೆನ್ನಾಗಿ ಓಡಿಸ್ತಿದಾಳೆ, ನೀವು ಅದೃಷ್ಟವಂತರು ಅಂದ್ರು."

ಇಡೀ ಊರಿನಲ್ಲಿ ನಮ್ಮನ್ನು ನೋಡಿದವರು ಅವರೊಬ್ಬರೇ. ಮಾರನೆಯ ದಿನ ರಶ್ಮಿ ಕಾಲೇಜಿಗೆ ಹೊರಟಾಗ ಮತ್ತೆ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ನೀನೆಲ್ಲಿಗೆ ತಾತ?"

"ಎಲ್ಲಿಗೂ ಇಲ್ಲಮ್ಮ. ಆ ಸೇತುವೆ ಮೇಲಿಂದಾನೇ ಹೋಗ್ತೀಯಲ್ಲ?"