ದೊಡ್ಡಪ್ಪನ ಬೋಟಿ ಲ್ಯಾಬು

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಬೋಟಿ, ಅಂದರೆ ಮೇಕೆಯ ಕರುಳು, ಕೊಂಡು, ತಿನ್ನದೆ, ದಾರ ಕಟ್ಟಿ ನೇತುಹಾಕುವ ಮನುಷ್ಯ ಒಬ್ಬರೇ: ನಮ್ಮ ದೊಡ್ಡಪ್ಪ. ನಂಬದವರು ಸಂತೆಬಾಚಹಳ್ಳಿಯ ಮಾಂಸದಂಗಡಿಯಲ್ಲಿ ಕೇಳಬಹುದು. ನಾನು ಕೇಳಿಯೇ ಬರೆಯುತ್ತಿದ್ದೇನೆ!

ಅವರು ಫಾರ್ಮಸಿ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ನಿವೃತ್ತರಾದ ಮೇಲೆ ಲ್ಯಾಬು ಹಿತ್ತಿಲಿಗೆ ಬಂತು. ಬೆಚ್ಚಗಿನ ಉಪ್ಪುನೀರಿನ ಜಾಡಿ, ಗಾಳಿ ಊದಲು ಮೀನಿನ ತೊಟ್ಟಿಯ ಪಂಪು, ಒಳಗೆ ಬೆರಳುದ್ದ ಮೇಕೆಯ ಕರುಳು. ಅದಕ್ಕೆ ಕಟ್ಟಿದ ದಾರದ ತುದಿಗೆ ಪೊರಕೆಕಡ್ಡಿ. ಓಮದ ಕಷಾಯ ಬಿಟ್ಟರೆ ಕರುಳು ಸಡಿಲವಾಗಿ ಕಡ್ಡಿ ಮಲಗುತ್ತಿತ್ತು. ಅಳಲೆಕಾಯಿ ಕಷಾಯಕ್ಕೆ ಎದ್ದೆದ್ದು ಕುಣಿಯುತ್ತಿತ್ತು.

ಇಷ್ಟೆಲ್ಲ ಯಾರಿಗಾಗಿ? ದೊಡ್ಡಮ್ಮನಿಗಾಗಿ. ಅವರ ಹೊಟ್ಟೆ ವರ್ಷಗಳಿಂದ ಜಡವಾಗಿತ್ತು. ಅದನ್ನು ಆಡಿಸುವ ಸೊಪ್ಪು ಎಲ್ಲೋ ಇದೆಯೆಂದು ದೊಡ್ಡಪ್ಪ ಮೇಲುಕೋಟೆ ಬೆಟ್ಟ ಬೋಳಾಗುವಷ್ಟು ಎಲೆ ತಂದಿದ್ದರು.

"ಆ ಬೋಟಿನ ಇತ್ಲಾಗ್ ಕೊಡಿ, ಗೊಜ್ಜಾದ್ರೂ ಮಾಡ್ತೀನಿ," ಎನ್ನುತ್ತಿದ್ದರು ದೊಡ್ಡಮ್ಮ.

"ಸುಮ್ಕಿರಮ್ಮಿ, ಎಂಗ್ ಕುಣೀತಾ ಅದೆ ನೋಡು!"

"ಮೇಕೆದು ಕುಣೀತಾ ಅದೆ. ನಂದು?"

ದೊಡ್ಡಪ್ಪ ಜಾಡಿಯ ನೀರು ಬದಲಿಸಲು ಎದ್ದು ಹೋಗುತ್ತಿದ್ದರು.

ಒಮ್ಮೆ ನಾಗಮಂಗಲದ ಬೀಗರಿಗೆ ಕಾಫಿಗೆ ಮೊದಲೇ ಹೊಸ ಕಷಾಯ ಕುಡಿಸಿದರು. ಬೀಗರು ಮಾತು ಅರ್ಧಕ್ಕೆ ಬಿಟ್ಟು ಗದ್ದೆ ಕಡೆ ಓಡಿದರು. ದೊಡ್ಡಪ್ಪ ಗಡಿಯಾರ ನೋಡಿ ಸಮಯ ಬರೆದುಕೊಂಡರು! ಅದೇ ಕಷಾಯ ದೊಡ್ಡಮ್ಮನ ಹೊಟ್ಟೆಯನ್ನು ಅಲುಗಿಸಲಿಲ್ಲ.

ಕಳೆದ ವರ್ಷ ದೊಡ್ಡಮ್ಮನ ಕರುಳಿನಲ್ಲಿ ಗಂಟು ಕಾಣಿಸಿತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಾಯಿತು. ಅಲ್ಲಿಂದ ಅವರು ಮನೆಗೆ ಮರಳಲಿಲ್ಲ.

ಆಪರೇಷನ್ನಾದ ಮೇಲೆ ಕರುಳು ಮತ್ತೆ ಆಡಬೇಕು. ಅದಕ್ಕೆ ಮೊದಲ ಸಾಕ್ಷಿ ಹೂಸು. ನರ್ಸಮ್ಮ ದಿನವೂ ಬಂದು, "ಗಾಳಿ ಹೋಯ್ತಾ ಅಜ್ಜಿ?" ಎನ್ನುತ್ತಿದ್ದರು. ಒಂದು ಹೂಸಿಗಾಗಿ ಇಡೀ ಮನೆತನ ಕಾದು ಕೂತಿತ್ತು. ಹೋಗಲಿಲ್ಲ. ಬಾಯಿಗೆ ನೀರನ್ನೂ ಹಾಕಬಾರದೆಂದು ಡಾಕ್ಟರು ಹೇಳಿದ್ದರು. ದೊಡ್ಡಪ್ಪ ಕಷಾಯದ ಬಾಟಲಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಐದನೆಯ ದಿನ ನರ್ಸಮ್ಮ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಹೊರಗೆ ಬಂದು ದೊಡ್ಡಪ್ಪನಿಗೂ ನನಗೂ ಹೇಳಿದರು: "ಒಳಗೆ ಏನೂ ಶಬ್ದವಿಲ್ಲ."

ದೊಡ್ಡಪ್ಪ ಒಳಗೆ ಹೋದರು. ಮಂಚದ ಪಕ್ಕ ಮಂಡಿಯೂರಿ, ಹೊದಿಕೆಯ ಮೇಲೆ ಮೆಲ್ಲಗೆ ಕಿವಿಯಿಟ್ಟರು.

"ಏನಾರ ಕೇಳುಸ್ತದಾ?" ಎಂದರು ದೊಡ್ಡಮ್ಮ.

"ಕೇಳುಸ್ತದೆ ಕಣಮ್ಮಿ. ಸಣ್ಣಗೆ."

ದೊಡ್ಡಮ್ಮ ಸೂಜಿ ಚುಚ್ಚಿದ್ದ ಕೈಯನ್ನು ಅವರ ತಲೆಯ ಮೇಲಿಟ್ಟರು.

"ಅಂಗಾರೆ ಎದ್ದೋಗ್ಬೇಡಿ. ಇನ್ನೊಂದ್ಗಳಿಗೆ ಕೇಳಿ."