ಮೂರು ದಿನದ ಮನೆಗೆ ಹದಿನೇಳು ಪ್ರಶ್ನೆ

ಯಾವುದನ್ನೂ ಒಂದೇ ಸಲಕ್ಕೆ ನಂಬಬಾರದು ಎಂದು ತಿಂಗಳ ಸಂಬಳ ಕೊಟ್ಟು ಕಲಿಸಿದ ಉದ್ಯೋಗ ನನ್ನದು. ಕೋಲಾರದಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ಪುಟ ನೋಡಿಕೊಳ್ಳುತ್ತೇನೆ. ಮುಳಬಾಗಿಲಿನ ವರದಿಗಾರ 'ಭಾರಿ ಮಳೆ' ಎಂದು ಬರೆದರೆ ಎಷ್ಟು ಮಿಲಿಮೀಟರ್ ಎಂದು ಕೇಳುತ್ತೇನೆ. ಮಾಲೂರಿನಿಂದ 'ಸಾವಿರಾರು ಜನ ಸೇರಿದ್ದರು' ಎಂದು ಬಂದರೆ ಕುರ್ಚಿ ಎಷ್ಟು ಹಾಕಿದ್ದರು ಎಂದು ಕೇಳುತ್ತೇನೆ. ದೇವರಾಯಸಮುದ್ರದ ಕೆರೆ ಕೋಡಿ ಹರಿಯಿತು ಎಂಬ ಸುದ್ದಿ ಬಂದಾಗ, ಕೋಡಿಯ ಮೇಲೆ ನೀರು ಹರಿಯುವ ಫೋಟೋ ಕೈಗೆ ಬರುವ ತನಕ ಜಾಗ ಕೊಡದೆ ಕೂತಿದ್ದೆ. ಫೋಟೋ ಬರುವ ಹೊತ್ತಿಗೆ ಉಳಿದ ಪತ್ರಿಕೆಗಳಲ್ಲಿ ಕೆರೆಗೆ ಬಾಗಿನ ಅರ್ಪಿಸಿದ ಸುದ್ದಿಯೂ ಬಂದು ಹಳತಾಗಿತ್ತು. ಅದಕ್ಕೆ ನನಗೆ ಬೇಸರವಿಲ್ಲ. ನಮ್ಮಲ್ಲಿ ತಡವಾಯಿತು, ತಪ್ಪಾಗಲಿಲ್ಲ. ಕಚೇರಿಯಲ್ಲಿ ಈ ಗುಣವನ್ನು ಶಿಸ್ತು ಎನ್ನುತ್ತಾರೆ. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಇಷ್ಟು ಹೇಳಿದ್ದು ಯಾಕೆಂದರೆ, ಮೈಸೂರಿನಲ್ಲಿ ಮೂರು ದಿನದ ಮಟ್ಟಿಗೆ ಒಂದು ಬಾಡಿಗೆ ಮನೆ ಹುಡುಕಬೇಕಾಗಿ ಬಂದಾಗ, ಈ ಕೆಲಸಕ್ಕೆ ನನಗಿಂತ ಯೋಗ್ಯರು ನಮ್ಮ ಕುಟುಂಬದಲ್ಲಿ ಇಲ್ಲ ಎಂದು ನಾನು ನಂಬಿದ್ದೆ. ಅದೊಂದನ್ನು ಮಾತ್ರ ಒಂದೇ ಸಲಕ್ಕೆ ನಂಬಿದ್ದೆ.

ಮೈಸೂರಿಗೆ ಹೊರಟವರು ನಮ್ಮ ಅತ್ತೆ. ಅವರದು ಯಲ್ದೂರಿನ ಹತ್ತಿರ ಮಾವಿನ ತೋಟ. ಶ್ರೀನಿವಾಸಪುರದ ಕಡೆ ಹುಟ್ಟಿದವರಿಗೆ ಬೇಸಿಗೆ ರಜೆ ಎಂಬುದು ಶಾಲೆಯ ಗೋಡೆಗೆ ಮಾತ್ರ ಸಂಬಂಧಿಸಿದ ವಿಷಯ. ಊರಿನ ಮಕ್ಕಳಿಗೆಲ್ಲ ಬಿಡುವಾಗುವ ಹೊತ್ತಿಗೆ ಸರಿಯಾಗಿ ಮರದಲ್ಲಿ ಕಾಯಿ ಬಲಿಯುತ್ತದೆ, ದೊಡ್ಡವರಿಗೆ ಬಿಡುವು ತಪ್ಪುತ್ತದೆ. ಈ ವರ್ಷ ಅತ್ತೆ ಫಸಲನ್ನು ಮರದ ಮೇಲೇ ವ್ಯಾಪಾರಿಗೆ ಕೊಟ್ಟಿದ್ದರು. ಅವನು ಕಾಯಿ ಕೀಳಲು ಬರುವುದು ಮೇ ಎರಡನೇ ವಾರ. ಆಗ ಮಾತ್ರ ಅವರು ತೋಟದಲ್ಲಿರಬೇಕು. ಅಲ್ಲಿಯ ತನಕ ಕೈ ಖಾಲಿ. ಒಂದು ಭಾನುವಾರ ನಮ್ಮ ಮನೆಗೆ ಬಂದವರು ಹುರುಳಿಕಾಯಿ ಬಿಡಿಸುತ್ತಾ ಹೇಳಿದರು:

"ಎಲ್ರೂ ಮೈಸೂರಿಗೆ ಹೋಗಿ ಮೂರು ದಿನ ಇದ್ದು ಬರೋಣ ಅಳಿಯಂದ್ರೇ. ಲಾಡ್ಜಲ್ಲಿ ನಾನಿರಲ್ಲ. ಮನೆ ಇರ್ಬೇಕು, ಒಲೆ ಇರ್ಬೇಕು. ಮೂರು ದಿನ ಯಾರೂ ನನ್ನ 'ಕರೆಂಟ್ ಬಂತು, ಮೋಟ್ರು ಹಾಕು' ಅಂತ ಎಬ್ಬಿಸ್ಬಾರ್ದು. ಅಷ್ಟೇ."

ಅಮ್ಮ ತನಗಾಗಿ ಏನನ್ನಾದರೂ ಕೇಳಿದ್ದು ಇದೇ ಮೊದಲು ಎಂದು ನನ್ನ ಹೆಂಡತಿ ಸುಜಾತ ಆಮೇಲೆ ಒಳಗೆ ಕರೆದು ಹೇಳಿದಳು. ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಬಾಮೈದ ಮುನಿರಾಜುಗೆ ನಾನು ಫೋನ್ ಮಾಡಿ ಇದನ್ನು ಖಚಿತಪಡಿಸಿಕೊಂಡೆ. ಅವನೂ ಹೌದೆಂದ. "ಕೆಡಿಸ್ಬೇಡಿ ಭಾವ" ಎಂದೂ ಸೇರಿಸಿದ. ನಾವು ಮೂವರು, ಅವರು ಮೂವರು, ಅತ್ತೆ. ಏಳು ಜನ, ಮೂರು ದಿನ, ಒಂದು ಮನೆ. ಜವಾಬ್ದಾರಿ ನನ್ನದು ಎಂದು ಘೋಷಿಸಿದೆ.

ಇಂಥ ಮನೆಗಳನ್ನು ತೋರಿಸುವ ಆ್ಯಪ್‌ಗಳಿವೆ. ಅವುಗಳ ಭಾಷೆಯನ್ನು ನೋಡಿದಾಗ, ನಾನು ಪುಟದಿಂದ ಇಷ್ಟು ವರ್ಷ ಹೊಡೆದು ಹಾಕಿದ ವಿಶೇಷಣಗಳೆಲ್ಲ ಎಲ್ಲಿಗೆ ಹೋದವು ಎಂಬುದು ತಿಳಿಯಿತು. ಪ್ರಶಾಂತ, ರಮಣೀಯ, ಮನಮೋಹಕ, ಎಲ್ಲವೂ ಅಲ್ಲಿ ಕ್ಷೇಮವಾಗಿವೆ. ಮೈಸೂರಿನ ಪ್ರತಿ ಮನೆಯೂ ಅರಮನೆಯಿಂದ 'ಕೇವಲ ಹತ್ತು ನಿಮಿಷ'. ಹನ್ನೊಂದನೇ ನಿಮಿಷದಲ್ಲಿ ಆ ಊರಿನಲ್ಲಿ ಯಾರೂ ವಾಸ ಮಾಡುತ್ತಿಲ್ಲ. ಮಂಚದ ಮೇಲೆ ಟವೆಲ್ ಮಡಿಸಿ ಹಂಸ ಮಾಡಿಟ್ಟ ಫೋಟೋಗಳು ಸಾಲುಸಾಲಾಗಿ ಇದ್ದವು. ಹಂಸವಾಗುವ ಮುಂಚೆ ಆ ಟವೆಲನ್ನು ಒಗೆದಿದ್ದರೇ ಎಂಬುದು ಎಲ್ಲೂ ಇರಲಿಲ್ಲ. ಇದ್ದು ಹೋದವರ ಅಭಿಪ್ರಾಯಗಳು ಇನ್ನೂ ದುರ್ಬಲ. 'ಎಲ್ಲಾ ಚೆನ್ನಾಗಿತ್ತು.' ಏನು ಚೆನ್ನಾಗಿತ್ತು? ಯಾವುದಕ್ಕೆ ಹೋಲಿಸಿ? ಹೀಗೆ ಬರೆದ ವರದಿಗಾರನನ್ನು ನಾನು ಎರಡನೇ ದಿನ ಇಟ್ಟುಕೊಳ್ಳುತ್ತಿರಲಿಲ್ಲ. ನಾಲ್ಕು ಮನೆ ಆರಿಸಿ, ಮಾಲೀಕರ ನಂಬರುಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಮೊದಲನೆಯವರಿಗೆ ಫೋನ್ ಮಾಡಿದೆ.

"ಅರಮನೆಗೆ ಹತ್ತು ನಿಮಿಷ ಅಂತ ಹಾಕಿದೀರಿ. ನಡೆದೋ, ಕಾರಲ್ಲೋ?"

"ಕಾರಲ್ಲಿ ಸಾರ್."

"ಎಷ್ಟು ಗಂಟೆಗೆ ಹೊರಟರೆ?"

"ಬೆಳಿಗ್ಗೆ ಸಾರ್, ಬೆಳಿಗ್ಗೆ."

"ಅಳೆದದ್ದು ಯಾರು? ನೀವೇನಾ?"

ಅವರು ತಗ್ಗಿದ ದನಿಯಲ್ಲಿ, "ಸಾರ್, ತಾವು ಯಾವ ಇಲಾಖೆ?" ಎಂದರು.

ಇಲಾಖೆಯವನಲ್ಲ, ಪತ್ರಿಕೆಯವನು ಎಂದು ಪ್ರಾಮಾಣಿಕವಾಗಿ ಹೇಳಿದೆ. ಇದರಿಂದ ಅವರಿಗೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ. ಅವರು ಮನೆಗೆ ಪೇಂಟ್ ಹೊಡೆಸುತ್ತಿರುವುದಾಗಿಯೂ ಈ ಬೇಸಿಗೆಯಿಡೀ ಅದು ಒಣಗುವುದಿಲ್ಲವೆಂದೂ ತಿಳಿಸಿ ಫೋನ್ ಇಟ್ಟರು. ಮರುದಿನ ನೋಡಿದರೆ ಅದೇ ಮನೆ ಅದೇ ದಿನಗಳಿಗೆ ಆ್ಯಪ್‌ನಲ್ಲಿ ಖಾಲಿ ಇತ್ತು. ಇದನ್ನೂ ಬರೆದುಕೊಂಡೆ.

ಎರಡನೇ ಮನೆಯ ವಿಷಯದಲ್ಲಿ ನನ್ನ ತನಿಖೆ ಉತ್ತಮ ಮಟ್ಟದ್ದಾಗಿತ್ತು. 'ಇದೇ ತಿಂಗಳು ತೆಗೆದ ಹೊಸ ಫೋಟೋಗಳು' ಎಂದು ಹಾಕಿದ್ದರು. ಊಟದ ಮೇಜಿನ ಮೇಲೆ ಒಂದು ಬುಟ್ಟಿ ಮಾವಿನಹಣ್ಣು. ಶ್ರೀನಿವಾಸಪುರದ ಅಳಿಯ ಮಾವಿನಹಣ್ಣಿನ ಫೋಟೋವನ್ನು ಸುಮ್ಮನೆ ದಾಟಿ ಹೋಗಲಾರ. ದೊಡ್ಡದು ಮಾಡಿ ನೋಡಿದೆ. ಅನುಮಾನ ಬಂತು. ಫೋಟೋವನ್ನು ಅತ್ತೆಗೆ ಕಳಿಸಿ, ಇದು ಯಾವ ಜಾತಿ ಎಂದು ಮಾತ್ರ ಕೇಳಿದೆ. ಸಾಕ್ಷಿಯ ಬಾಯಿಗೆ ನಾವೇ ಉತ್ತರ ಇಡಬಾರದು.

"ನೀಲಂ ಕಣಪ್ಪಾ ಇದು" ಎಂದರು ಅತ್ತೆ. "ಬಾದಾಮಿ, ತೋತಾಪುರಿ, ಎಲ್ಲಾ ಮುಗಿದ್ಮೇಲೆ ಬರೋದು. ಏಪ್ರಿಲಲ್ಲಿ ಅವರಿಗೆಲ್ಲಿ ಸಿಕ್ತು?"

ನಾನು ಕೇಳಬೇಕೆಂದಿದ್ದದ್ದೂ ಅದೇ. ಮಾಲೀಕರಿಗೆ ಫೋನ್ ಮಾಡಿ, ನಿಮ್ಮ ಬುಟ್ಟಿಯಲ್ಲಿರುವ ಹಣ್ಣು ಜುಲೈ ಹೊತ್ತಿನದು, ಆದ್ದರಿಂದ ಫೋಟೋ ಕಳೆದ ವರ್ಷದ್ದು, ಈಗಿನ ಮನೆಯ ಸ್ಥಿತಿಗೆ ಪುರಾವೆ ಕೊಡಿ ಎಂದೆ.

"ಸಾರ್, ಅದು ಪ್ಲಾಸ್ಟಿಕ್ ಹಣ್ಣು ಸಾರ್" ಎಂದರು ಅವರು.

ನಾನು ವಿಚಲಿತನಾಗಲಿಲ್ಲ. ಹಾಗಿದ್ದರೆ ಫೋಟೋದ ಕೆಳಗೆ ಹಣ್ಣು ಪ್ಲಾಸ್ಟಿಕ್ ಎಂದು ನಮೂದಿಸುವುದು ನ್ಯಾಯ ಎಂದೆ. ಅವರು ನಮೂದಿಸಲಿಲ್ಲ. ಸಂಜೆ ನೋಡಿದಾಗ ಬುಟ್ಟಿಯ ಫೋಟೋ ಇರಲಿಲ್ಲ, ನಾವು ಕೇಳಿದ್ದ ದಿನಗಳೂ ಇರಲಿಲ್ಲ.

ಬಾಯಿಮಾತಿನಲ್ಲಿ ದನಿ ಕಟುವಾಗಿ ಕೇಳಿಸುತ್ತಿರಬಹುದು ಎಂದುಕೊಂಡು ಮೂರನೆಯವರಿಗೆ ಪ್ರಶ್ನೆಗಳನ್ನು ಬರೆದೇ ಕಳಿಸಿದೆ. ಹದಿನೇಳು ಪ್ರಶ್ನೆ. ಮೆಟ್ಟಿಲೆಷ್ಟು, ಕಿಟಕಿಗೆ ಸೊಳ್ಳೆ ಪರದೆ ಇದೆಯೇ, ಆರನೆಯದು ನೀರಿನ ಸೌಲಭ್ಯ ಇದೆಯೇ, ಹೀಗೆ. ಕೊನೆಗೆ 'ಮೂರು ದಿನದೊಳಗೆ ಸ್ಪಷ್ಟನೆ ನೀಡಬೇಕಾಗಿ ಕೋರಿಕೆ' ಎಂಬ ಸಾಲು ಅಭ್ಯಾಸಬಲದಿಂದ ಬಿದ್ದುಹೋಗಿತ್ತು. ಎರಡನೇ ದಿನವೇ ಉತ್ತರ ಬಂತು. ತಮ್ಮ ವಕೀಲರ ಜೊತೆ ಮಾತಾಡಿ ತಿಳಿಸುವುದಾಗಿ ಬರೆದಿದ್ದರು.

ಅಷ್ಟರಲ್ಲಿ ಬಿಸಿಲು ಜೋರಾಯಿತು. ಕಾಯಿ ಬೇಗ ಬಲಿತಿದೆ, ಒಂದು ವಾರ ಮುಂಚೆಯೇ ಕೀಳುತ್ತೇನೆ ಎಂದು ವ್ಯಾಪಾರಿ ಹೇಳಿಕಳಿಸಿದ. ಅಂದರೆ ನಾವು ಬರುವ ಶುಕ್ರವಾರ ಹೊರಟರೆ ಉಂಟು, ಇಲ್ಲದಿದ್ದರೆ ಈ ವರ್ಷಕ್ಕೆ ಇಲ್ಲ. ಮುಂದಿನ ವರ್ಷ ಫಸಲು ಹೀಗೆ ಮರದ ಮೇಲೇ ಮಾರಾಟವಾಗುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು. ಭಾನುವಾರ ಎಲ್ಲರೂ ಕೋಲಾರದಲ್ಲಿ ನಮ್ಮ ಮನೆಯಲ್ಲಿ ಸೇರಿದರು. ನಾನು ಪುಸ್ತಕ ತೆಗೆದು ಇಲ್ಲಿಯವರೆಗಿನ ಪ್ರಗತಿಯನ್ನು ಓದಿದೆ.

"ಭಾವ, ಸರ್ಕಾರ ಬೀಳಿಸೋಕೂ ಇಷ್ಟು ತನಿಖೆ ಬೇಡ" ಎಂದ ಮುನಿರಾಜು. "ನಾನು ರಜೆ ಬರೆದು ಕೊಟ್ಟಾಗಿದೆ. ವಾಪಸ್ ತಗೊಳ್ಳೋದಾ ಹೇಳಿ."

"ಮೂರು ಮನೆ ಹೋಯ್ತು ಅಂತ ಹೇಳ್ರೀ. ಪ್ರಗತಿ ಅನ್ಬೇಡಿ" ಎಂದಳು ಸುಜಾತ.

ನಾನು ಮೂರೂ ಮನೆಗಳ ಲೋಪವನ್ನು ವಿವರಿಸತೊಡಗಿದೆ. ಅತ್ತೆ ಏನೂ ಬೈಯಲಿಲ್ಲ. "ಹೋಗ್ಲಿ ಬಿಡ್ರಪ್ಪಾ. ಮೈಸೂರು ಎಲ್ಲಿಗೆ ಹೋಗುತ್ತೆ" ಎಂದರು, ಕಣ್ಣು ಎತ್ತದೆ. ಸುಜಾತ ನನ್ನನ್ನು ನೋಡಿದಳು. ಹೆಡ್‌ಲೈನಿನಲ್ಲಿ ದೊಡ್ಡ ತಪ್ಪು ಹೋದ ದಿನ ಸಂಪಾದಕರು ನೋಡುವ ನೋಟ ಅದು. ಇನ್ನೊಂದು ಮನೆ ಉಳಿದಿದೆ ಎಂದು ನಾಲ್ಕನೇ ನಂಬರಿಗೆ ಬೆರಳಿಟ್ಟು, ಹದಿನೇಳು ಪ್ರಶ್ನೆಯ ಹಾಳೆಯನ್ನು ಮುಂದೆ ಹರಡಿಕೊಂಡೆ. ಅತ್ತೆಗೆ ತಾಳ್ಮೆ ತಪ್ಪಿದರೆ ಮಾತು ತೆಲುಗಿಗೆ ತಿರುಗುತ್ತದೆ. "ಚಾಲು ನಾಯನಾ, ಚಾಲು" ಎಂದು, ಸಾಕಪ್ಪಾ ಸಾಕು ಎನ್ನುವಂತೆ, ನನ್ನ ಕೈಯಿಂದ ಫೋನನ್ನು ತೆಗೆದುಕೊಂಡರು. ನನ್ನ ಮಗಳು ನಂಬರು ಒತ್ತಿ ಸ್ಪೀಕರ್ ಹಾಕಿದಳು.

"ಏನಮ್ಮಾ, ನಾನು ಕೋಲಾರದ ಕಡೆಯೋಳು. ಊಟ ಆಯ್ತಾ?"

"ಈಗ ತಾನೆ ಆಯ್ತಮ್ಮಾ" ಎಂದಿತು ಆ ಕಡೆಯ ಹೆಂಗಸಿನ ದನಿ. "ಯಾರು ಅಂತ ಗೊತ್ತಾಗ್ಲಿಲ್ಲ."

"ಹೆಂಗೆ ಗೊತ್ತಾಗುತ್ತೆ, ನೋಡೇ ಇಲ್ವಲ್ಲ. ಏನು ಮಾಡಿದ್ರಿ ಇವತ್ತು?"

"ಬೇಳೆ ಸಾರು, ಹೀರೇಕಾಯಿ ಪಲ್ಯ."

"ನಿಮ್ಮ ನೀರಲ್ಲಿ ಬೇಳೆ ಬೇಯುತ್ತಾ?"

"ಚೆನ್ನಾಗಿ ಬೇಯುತ್ತಮ್ಮಾ. ಕಾವೇರಿ ನೀರು. ಮೂರು ವಿಷಲ್‌ಗೆ ಕರಗಿ ಹೋಗುತ್ತೆ. ಎರಡು ದಿನಕ್ಕೊಂದ್ಸಲ ಬರೋದು, ಸಂಪು ದೊಡ್ಡದಿದೆ."

"ಪುಣ್ಯ ಮಾಡಿದೀರಿ. ನಮ್ಮದು ಬೋರ್ ನೀರು, ಆರು ಕೂಗಿದ್ರೂ ಬೇಳೆ ಕಲ್ಲಂಗಿರ್ತದೆ. ನಾವು ಏಳು ಜನ ಬರ್ತೀವಿ ಶುಕ್ರವಾರ. ನೀವು ಬಾಡಿಗೆಗೆ ಕೊಡೋ ಮನೇಲಿ ಒಲೆ ಮೇಲೆ ದೊಡ್ಡ ಪಾತ್ರೆ ಕೂರುತ್ತಾ? ಮುದ್ದೆ ತಿರುವೋಕೆ."

"ಕೂರುತ್ತೆ. ಕೋಲು ಮಾತ್ರ ಇಲ್ಲಮ್ಮಾ, ನಮಗೆ ಆ ಅಭ್ಯಾಸ ಇಲ್ಲ."

"ಕೋಲು ನಾನು ತರ್ತೀನಿ. ನೀನು ಯಾಕಮ್ಮಾ ಹಂಗೆ ಉಸಿರು ಬಿಡ್ತೀಯ, ಮಂಡಿ ನೋವಾ?"

ಮಂಡಿ ನೋವೇ. ಅದರ ಬಗ್ಗೆ ಮುಂದಿನ ಒಂಬತ್ತು ನಿಮಿಷ ಮಾತಾಯಿತು. ಒಟ್ಟು ಹನ್ನೊಂದು ನಿಮಿಷ. ಮನೆ ನಿಶ್ಚಯವಾಯಿತು; ಆ್ಯಪ್‌ನಲ್ಲಿ ಬುಕ್ ಮಾಡುವುದಷ್ಟೇ ನನಗುಳಿಯಿತು.

ನಾನು ಹಾಳೆ ನೋಡಿಕೊಂಡೆ. 'ನೀರಿನ ಸೌಲಭ್ಯ ಇದೆಯೇ?' ಎಂದು ಕೇಳಿದ್ದೆ. ಇದಕ್ಕೆ ಯಾರಾದರೂ 'ಇದೆ' ಎಂದು ಹೇಳಬಹುದು. ಬಹುಶಃ ನಮ್ಮ ಜಿಲ್ಲೆಯ ಎಲ್ಲ ಅಧಿಕಾರಿಗಳೂ ಹೇಳುತ್ತಾರೆ. ಅತ್ತೆಯ ಒಂದು ಪ್ರಶ್ನೆಯಿಂದ ಯಾವ ನೀರು, ಎಷ್ಟು ದಿನಕ್ಕೊಮ್ಮೆ, ಎಲ್ಲಿ ತುಂಬುತ್ತಾರೆ, ಆ ಮನೆಯಲ್ಲಿ ನಿಜಕ್ಕೂ ಅಡುಗೆ ಮಾಡುವವರಿದ್ದಾರೆಯೇ ಎಂಬುದೆಲ್ಲ ಬಂದಿತ್ತು. ಆದರೂ ವೃತ್ತಿಧರ್ಮ ಬಿಡಲಾಗದೆ, ಅವರು ಹೇಳಿದ್ದು ನಿಜ ಎಂದು ಹೇಗೆ ನಂಬುವುದು ಎಂದು ಕೇಳಿದೆ.

"ಬೇಳೆ ಬೇಯ್ದೇ ಇದ್ರೆ ಆವಮ್ಮ ಹೇಳೇ ಬಿಡ್ತಿದ್ಲು" ಎಂದರು ಅತ್ತೆ. "ನೀರನ್ನ ಬೈಯೋದು ಅಂದ್ರೆ ಹೆಂಗಸರಿಗೆ ಸುಮ್ನೆ ಇರಕ್ಕಾಗಲ್ಲ. ಮುಚ್ಚಿಡೋ ವಿಷಯ ಅಲ್ಲ ಅದು."

ಶುಕ್ರವಾರ ಹೊರಟೆವು. ರಾಗಿಹಿಟ್ಟು, ಮುದ್ದೆ ಕೋಲು, ಮನೆಯವರಿಗೆಂದು ಒಂದು ಚೀಲ ಮಾವಿನಕಾಯಿ. ಮಾಲೀಕರು ಪದ್ಮಾವತಿ ಎಂಬ ನಿವೃತ್ತ ಶಿಕ್ಷಕಿ. ಕೆಳಗೆ ಅವರು, ಮೇಲೆ ನಾವು. ಮನೆ ಫೋಟೋದಲ್ಲಿ ಇದ್ದದ್ದಕ್ಕಿಂತ ಸಣ್ಣದಿತ್ತು, ಯಾರೂ ಗಮನಿಸಲಿಲ್ಲ. ಬೇಳೆ ಮೂರು ವಿಷಲ್‌ಗೆ ಬೆಂದಿತು; ನಾನು ಎಣಿಸಿದೆ. ಮೊದಲ ಬೆಳಿಗ್ಗೆ ಅತ್ತೆ ನಸುಕಿನಲ್ಲೇ ಎದ್ದು, ಮೋಟ್ರು ಹಾಕಲು ಏನೂ ಇಲ್ಲದೆ ಬಾಲ್ಕನಿಯಲ್ಲಿ ಕೂತಿದ್ದರಂತೆ. ಎರಡನೇ ದಿನ ಆರಕ್ಕೆ ಎದ್ದರು. ಮೂರನೇ ದಿನ ಎಂಟೂ ಕಾಲಾದರೂ ಏಳಲಿಲ್ಲ. ಸುಜಾತ ಎರಡು ಸಲ ಬಾಗಿಲ ತನಕ ಹೋಗಿ ಬಂದಳು. ಮುನಿರಾಜು ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ ಪಿಸುಮಾತಿನಲ್ಲಿ ಗದರುತ್ತಿದ್ದ. ಎದ್ದು ಬಂದ ಅತ್ತೆ ಗಡಿಯಾರ ನೋಡಿ, "ಹಿಂಗೂ ಮಲಗ್ತಾರಾ ಜನ" ಎಂದು ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿ, ಕಾಫಿಗೆ ಕೈ ಚಾಚಿದರು. ಆ ಹೊತ್ತಿಗೆ ನಾನು ಅರಮನೆಯ ದೂರ ಅಳೆದು ವಾಪಸ್ ಬಂದಿದ್ದೆ. ಇಪ್ಪತ್ತೆರಡು ನಿಮಿಷ. ಬಾತ್‌ರೂಮಿನ ಸ್ವಿಚ್ಚು ಹೊರಗಿದೆ, ಬಾಲ್ಕನಿ ಬಾಗಿಲು ಹಿಡಿಯುತ್ತದೆ ಎಂಬುದನ್ನೂ ಸೇರಿಸಿ ಪದ್ಮಾವತಿಯವರಿಗೆ ವಿನಯದಿಂದ ತಿಳಿಸಿದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಮೂವತ್ತು ಮಕ್ಕಳ ತರಗತಿಯಲ್ಲಿ ಯಾವಾಗಲೂ ಕೈ ಎತ್ತುವ ಹುಡುಗನೊಬ್ಬ ಇರುತ್ತಾನಲ್ಲ, ಅವನನ್ನು ಕೇಳಿಸಿಕೊಳ್ಳುವ ಹಾಗೆ.

ಊರಿಗೆ ಬಂದು ಆ್ಯಪ್‌ನಲ್ಲಿ ನನ್ನ ಅಭಿಪ್ರಾಯ ಬರೆದೆ. ನಾಲ್ಕು ಪ್ಯಾರಾ, ಗುಣದೋಷ ಎರಡೂ ಸಮವಾಗಿ, ಐದಕ್ಕೆ ನಾಲ್ಕು ನಕ್ಷತ್ರ. ಕಳಿಸಿದ ಮೇಲೆ ಗೊತ್ತಾಯಿತು, ಅಲ್ಲಿ ಮನೆಯವರೂ ಬಂದುಹೋದವರ ಬಗ್ಗೆ ಬರೆಯುತ್ತಾರೆ, ಅದನ್ನು ಮುಂದಿನ ಮನೆಯವರು ಓದುತ್ತಾರೆ. ಇಷ್ಟು ತನಿಖೆ ಮಾಡಿದವನು ಇದೊಂದನ್ನು ವಿಚಾರಿಸಿರಲಿಲ್ಲ. ಪದ್ಮಾವತಿಯವರು ಬರೆದಿದ್ದು ಹೀಗಿತ್ತು:

'ಕೋಲಾರದಿಂದ ಏಳು ಜನ ಬಂದು ಮೂರು ದಿನ ಇದ್ದರು. ಅಡುಗೆಮನೆಯನ್ನು ನಾನು ಕೊಟ್ಟದ್ದಕ್ಕಿಂತ ಚೊಕ್ಕಟವಾಗಿ ಬಿಟ್ಟು ಹೋದರು. ಅಮ್ಮನವರಿಂದ ಮುದ್ದೆ ತಿರುವುವುದು ಕಲಿತೆ. ಅಳಿಯಂದಿರು ಸ್ವಿಚ್ಚು, ಬಾಗಿಲು, ಅರಮನೆಯ ದೂರ ಪರೀಕ್ಷಿಸಿದರು. ಬಾಗಿಲು ಸರಿಮಾಡಿಸಿದ್ದೇನೆ. ಇವರಿಗೆ ಧೈರ್ಯವಾಗಿ ಮನೆ ಕೊಡಬಹುದು. ಆದರೆ ಫೋನಿನಲ್ಲಿ ಅಮ್ಮನವರ ಹತ್ತಿರ ಮಾತಾಡುವುದು ಒಳ್ಳೆಯದು.'

ಪೆನ್ನು ಹಿಡಿದು ಎರಡು ಸಲ ಓದಿದೆ. ಜನರ ಸಂಖ್ಯೆ ಸರಿ, ದಿನ ಸರಿ. ಮೊದಲು ಸಂಗತಿ, ಕೊನೆಗೆ ಅಭಿಪ್ರಾಯ. ಒಂದೇ ಒಂದು ವಿಶೇಷಣ ಹೆಚ್ಚಿಲ್ಲ.

"ಏನಾದ್ರೂ ತಪ್ಪಿದೆಯಾ?" ಎಂದಳು ಸುಜಾತ, ನನ್ನ ಹೆಗಲ ಮೇಲಿಂದ ಓದಿ.

ಇಲ್ಲ ಎಂದೆ. ಕೊನೆಯ ವಾಕ್ಯಕ್ಕೆ ಆಧಾರ ಕೇಳಬೇಕು ಎನಿಸಿದ್ದು ನಿಜ. ಕೇಳಲಿಲ್ಲ. ಅದನ್ನು ದೃಢಪಡಿಸಲು ಮೈಸೂರಿನಲ್ಲೇ ಮೂರು ಮನೆಗಳ ಮಾಲೀಕರು ಸಿದ್ಧರಿದ್ದಾರೆ, ಮತ್ತು ಅವರ ನಂಬರುಗಳನ್ನು ಜೋಪಾನವಾಗಿ ಬರೆದಿಟ್ಟುಕೊಂಡವನು ನಾನೇ.