ನಿಂತವರಿಗೆ ಹೊಲಿದ ಪ್ಯಾಂಟು

"ನನ್ನ ಕೈಯಿಂದ ಹೋದ ಪ್ಯಾಂಟು ಹರಿದು ವಾಪಸ್ ಬಂದ ದಿನ ನಾನು ಕತ್ತರಿ ಕೆಳಗಿಡ್ತೀನಿ!"

ಈ ಮಾತನ್ನು ಮಾಸ್ಟರ್ ಎಷ್ಟು ಸಲ ಹೇಳಿದ್ದಾರೆಂದರೆ, ಅಂಗಡಿಯ ಗೋಡೆಗೂ ಅದು ಬಾಯಿಪಾಠವಾಗಿದೆ. ಮಾಸ್ಟರ್ ಎಂದರೆ ಪಾಠ ಹೇಳುವವರಲ್ಲ, ಟೈಲರ್ ಮಾಸ್ಟರ್. ಮೂವತ್ತು ವರ್ಷದಿಂದ ಅದೇ ಬೀದಿ, ಅದೇ ಅಂಗಡಿ, ಅದೇ ಕಪ್ಪು ಹೊಲಿಗೆ ಮೆಷಿನ್ನು. ಊರಿನ ದೊಡ್ಡ ಮನುಷ್ಯರ ಸೊಂಟವೆಲ್ಲ ಅವರ ಅಳತೆ ಪುಸ್ತಕದೊಳಗಿದೆ! ಕಟಿಂಗ್ ಟೇಬಲ್ಲಿನ ಮೇಲೆ ಮೊಳದುದ್ದದ ಒಂದು ಕತ್ತರಿ. ಅದನ್ನು ಮುಟ್ಟುವ ಅಧಿಕಾರ ಇಡೀ ಭೂಮಂಡಲದಲ್ಲಿ ಅವರೊಬ್ಬರಿಗೇ. ಅವರ ಹೆಂಡತಿ ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿಯ ಮೂಲೆಯಲ್ಲಿ ಕೂತು, ಗುಂಡಿ ತೂರುವ ಕಾಜಾ ಮಾಡುತ್ತಾ, ಗುಂಡಿ ಹಚ್ಚುತ್ತಾ, ಆ ಕತ್ತರಿಯನ್ನು ಓರೆಗಣ್ಣಿನಿಂದ ನೋಡುತ್ತಾ ಬಂದಿದ್ದಾಳೆ.

ಒಂದು ದಿನ ಯೋಗದ ಮೇಡಂ ಅಂಗಡಿಗೆ ಬಂದರು. ಮೂರು ದಿನದ ಯೋಗ ಶಿಬಿರ, ಎಲ್ಲರಿಗೂ ಒಂದೇ ತರಹದ ಬಿಳಿ ಪ್ಯಾಂಟು.

"ನೀವಿಬ್ಬರೂ ಶಿಬಿರಕ್ಕೆ ಬನ್ನಿ ಮಾಸ್ಟರೇ. ನಿಮ್ಮನ್ನೂ ಸೇರಿಸಿ ಒಟ್ಟು ಮೂವತ್ತು ಪ್ಯಾಂಟು."

"ನನಗ್ಯಾಕೆ ಮೇಡಂ ಯೋಗ? ಮೆಷಿನ್ ಮೇಲೆ ಬಗ್ಗಿ ಬಗ್ಗಿ ಆಗಲೇ ಮುಕ್ಕಾಲು ಯೋಗಿ ಆಗಿದ್ದೀನಿ! ಇರಲಿ, ಬರ್ತೀನಿ. ಮುಂದಿನ ಸಾಲಲ್ಲೇ ನಿಲ್ತೀನಿ."

ನಿಜ ಹೇಳಬೇಕೆಂದರೆ, ಮಾಸ್ಟರರ ಆ ಬಾಗು ಒಂದೇ ಕೋನದ್ದು. ಅದರಿಂದ ಕೆಳಗೆ ಅವರ ಸೊಂಟ ಇಳಿದು ಎಷ್ಟು ವರ್ಷವಾಗಿತ್ತೋ ಸೊಂಟಕ್ಕೇ ನೆನಪಿಲ್ಲ. ನೆಲಕ್ಕೆ ಬಿದ್ದ ಸೂಜಿ ಎತ್ತಲು ಕೋಲಿನ ತುದಿಗೆ ಒಂದು ಅಯಸ್ಕಾಂತ ಕಟ್ಟಿಕೊಂಡಿದ್ದರು. ಶೂ ಹಾಕುವುದನ್ನು ಎಂದೋ ಬಿಟ್ಟಿದ್ದರು, ಲೇಸು ಕಟ್ಟಬೇಕಲ್ಲ!

ಶಿಬಿರದವರು ಒಬ್ಬೊಬ್ಬರಾಗಿ ಅಳತೆ ಕೊಡಲು ಬಂದರು. ಬ್ಯಾಂಕ್ ಮ್ಯಾನೇಜರ್ ಬಂದರು, ಹಲ್ಲಿನ ಡಾಕ್ಟರ್ ಬಂದರು. ಎಲ್ಲರಿಗೂ ಮಾಸ್ಟರರದು ಒಂದೇ ಆಜ್ಞೆ: "ನೆಟ್ಟಗೆ ನಿಂತ್ಕೊಳ್ಳಿ! ಹೊಟ್ಟೆ ಒಳಗೆ!" ಸೈನ್ಯದಲ್ಲೂ ಯಾರೂ ಹಾಗೆ ನಿಂತಿರಲಿಕ್ಕಿಲ್ಲ.

ಮೂಲೆಯಿಂದ ಹೆಂಡತಿ ನೋಡುವಷ್ಟು ನೋಡಿದಳು.

"ರೀ, ಇದು ಯೋಗದ ಪ್ಯಾಂಟು. ಜನ ಬಗ್ತಾರೆ, ಕಾಲು ಅಗಲಿಸ್ತಾರೆ. ಎರಡು ಕಾಲು ಸೇರೋ ಕಡೆ ಒಂದು ಚೌಕದ ತುಂಡು ಕೊಟ್ಟುಬಿಡಿ, ಸಡಿಲ ಆಗುತ್ತೆ."

"ತುಂಡು ಕೊಡೋದಾ? ಇದೇನು ತೇಪೆ ಹಾಕೋ ಅಂಗಡೀನಾ? ಫಿಟ್ಟಿಂಗ್ ಕಣೇ, ಫಿಟ್ಟಿಂಗ್!"

"ಬಗ್ಗಿಸಿ ಅಳತೆನಾದರೂ ತಗೊಳ್ಳಿ."

"ಗಿರಾಕೀನ ಬಗ್ಗಿಸಿ ಅಳತೆ ತಗೊಂಡಿರೋ ಟೈಲರ್‌ನ ಎಲ್ಲಾದರೂ ನೋಡಿದ್ದೀಯಾ? ಕೇಳು. ಒಂದೇ ಒಂದು ಪ್ಯಾಂಟು ಹರಿದು ಬರಲಿ, ಈ ಕತ್ತರಿ ನಿನ್ನ ಕೈಗೆ ಕೊಟ್ಟು, ನಿನ್ನ ಜಾಗದಲ್ಲಿ ನಾನು ಕಾಜಾ ಮಾಡ್ತಾ ಕೂರ್ತೀನಿ!"

"ಮಾತು ಅಂದ್ರೆ ಮಾತು ತಾನೆ?"

"ಮಾತು ಅಂದ್ರೆ ಮಾತು!"

ಹೆಂಡತಿ ನೆಲದ ಮೇಲೆ ಬಿದ್ದಿದ್ದ ಬಿಳಿ ಬಟ್ಟೆಯ ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡಳು. ದಿಂಬಿಗೆ ತುಂಬಲಿಕ್ಕೆ ಇರಬೇಕೆಂದು ಮಾಸ್ಟರ್ ಅಂದುಕೊಂಡರು.

ಶಿಬಿರದ ದಿನ ಬೆಳಿಗ್ಗೆ, ಇಸ್ತ್ರಿಯ ಬಿಸಿ ಆರದ ಪ್ಯಾಂಟುಗಳನ್ನು ಮಾಸ್ಟರ್ ಸಭಾಂಗಣದ ಬಾಗಿಲಲ್ಲಿ ನಿಂತು ತಾವೇ ಹಂಚಿದರು. ಎಲ್ಲರೂ ಎದುರಿನ ಕೋಣೆಯಲ್ಲಿ ಬಟ್ಟೆ ಬದಲಾಯಿಸಿ ಬಂದು ಸಾಲಾಗಿ ನಿಂತರು. ಆಹಾ! ಮೂವತ್ತು ಬಿಳಿ ಪ್ಯಾಂಟು, ಎಲ್ಲೂ ಒಂದು ಸುಕ್ಕಿಲ್ಲ!

"ಏನು ಫಿಟ್ಟಿಂಗ್ ಮಾಸ್ಟರೇ! ಹತ್ತು ವರ್ಷ ಚಿಕ್ಕವನಾದೆ," ಎಂದರು ಹಲ್ಲಿನ ಡಾಕ್ಟರ್.

ಮಾಸ್ಟರ್ ಕೊನೆಯ ಸಾಲಿನಲ್ಲಿದ್ದ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಕೆ ಚೀಲವನ್ನು ಗೋಡೆಗೆ ಒರಗಿಸಿಟ್ಟು, ಮುಗುಳ್ನಕ್ಕಳು.

ಮೊದಲ ಅರ್ಧ ಗಂಟೆ ಬರೀ ನಿಂತು ಉಸಿರಾಡುವುದು. ಉಸಿರು ಎಳೆದದ್ದಾಯಿತು, ಬಿಟ್ಟದ್ದಾಯಿತು. ಯೋಗವೆಂದರೆ ಇಷ್ಟೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಡಂ ಮೆಲ್ಲನೆ ಹೇಳಿದರು:

"ಈಗ ಉಸಿರು ಬಿಡ್ತಾ, ಮೊಣಕಾಲು ಮಡಚದೆ ಮುಂದಕ್ಕೆ ಬಗ್ಗಿ. ಅಂಗೈ ನೆಲ ಮುಟ್ಟಲಿ."

ಪರ್ರ್!

ಬಟ್ಟೆ ಹರಿಯುವ ಸದ್ದನ್ನು ಟೈಲರ್ ಕಿವಿಗೆ ಯಾರೂ ಪರಿಚಯ ಮಾಡಿಸಬೇಕಿಲ್ಲ. ಮಾಸ್ಟರ್ ತಟ್ಟನೆ ತಿರುಗಿದರು. ಪಕ್ಕದಲ್ಲಿ ಬಗ್ಗಿದ್ದ ಮ್ಯಾನೇಜರರ ಹಿಂಭಾಗದಲ್ಲಿ ಬಿಳಿ ಪರದೆ ಸರಿದು ನೀಲಿ ಗೆರೆಯ ಒಳಚಡ್ಡಿ ಹೊರಗಿಣುಕುತ್ತಿತ್ತು!

ಪರ್! ಪರ್ರ್! ಪರ್‌ಪರ್ರ್!

ಮೊದಲ ಸಾಲು ಮುಗಿದು ಎರಡನೆಯದು, ಎರಡನೆಯದು ಮುಗಿದು ಮೂರನೆಯದು! ಸದ್ದು ಕೇಳಿ ಗಾಬರಿಯಿಂದ ಅರ್ಧಕ್ಕೇ ನಿಂತವರದು ಅರ್ಧ ಹರಿದಿತ್ತು. ಅವರು ಯಾರದೆಂದು ತಿರುಗಿ ನೋಡುವ ಭರದಲ್ಲಿ ಉಳಿದರ್ಧವೂ ಹರಿಯಿತು!

ಎರಡೇ ನಿಮಿಷದಲ್ಲಿ ಸಭಾಂಗಣದಲ್ಲಿ ಮನುಷ್ಯರೇ ಇರಲಿಲ್ಲ, ಸೊಂಟಕ್ಕೆ ಸುತ್ತಿಕೊಂಡ ಯೋಗದ ಚಾಪೆಗಳಿದ್ದವು. ಎಲ್ಲರೂ ಬೆನ್ನನ್ನು ಗೋಡೆಗೆ ಅಂಟಿಸಿಕೊಂಡು ನಿಂತಿದ್ದರು. ಬಟ್ಟೆಗಳೆಲ್ಲ ಎದುರಿನ ಕೋಣೆಯಲ್ಲಿ. ಅಲ್ಲಿಗೆ ಹೋಗೋಣವೆಂದರೆ ಗೋಡೆ ಬಿಡುವ ಧೈರ್ಯ ಯಾರಿಗೂ ಇಲ್ಲ!

ಮಾಸ್ಟರ್ ಅಭ್ಯಾಸ ಬಲದಿಂದ ಮ್ಯಾನೇಜರರ ಚಾಪೆ ಸರಿಸಿ ಒಳಗೆ ಇಣುಕಿದರು. ಮರುಕ್ಷಣ ಮುಖ ಅರಳಿತು.

"ಹೊಲಿಗೆ ಬಿಟ್ಟಿಲ್ಲ! ನೋಡಿ ಮೇಡಂ, ಒಂದು ದಾರ ತುಂಡಾಗಿಲ್ಲ! ಹರಿದಿರೋದು ಹೊಲಿಗೆ ಪಕ್ಕದ ಬಟ್ಟೆ!"

"ನನ್ನ ಮಾನ ಯಾವ ಪಕ್ಕದಲ್ಲಿ ಹೋಯ್ತು ಅಂತ ಆಮೇಲೆ ನೋಡೋಣ," ಮ್ಯಾನೇಜರ್ ಹಲ್ಲು ಕಡಿದರು, "ಮೊದಲು ಒಂದು ಟವೆಲ್ ಕೊಡ್ರೀ!"

ಆಗ ಮಾಸ್ಟರರ ಕೈ ತಾನಾಗಿ ತಮ್ಮ ಹಿಂಭಾಗಕ್ಕೆ ಹೋಯಿತು. ತಡವಿದರು. ಮತ್ತೊಮ್ಮೆ ತಡವಿದರು. ಅಖಂಡ!

"ನನ್ನದು ಹರಿದಿಲ್ಲ!" ಎಂದು ಕೂಗಿದರು. "ಅದೇ ಬಟ್ಟೆ, ಅದೇ ದಾರ, ಅದೇ ಕಟಿಂಗು! ನೀವು ಬಗ್ಗಿದ ರೀತೀಲೇ ಏನೋ ತಪ್ಪಿದೆ!"

"ನನ್ನದೂ ಹರಿದಿಲ್ಲ," ಎಂದಿತು ಕೊನೆಯ ಸಾಲಿನಿಂದ ಒಂದು ದನಿ.

ಹೆಂಡತಿ! ಎಲ್ಲರೂ ನೋಡುತ್ತಿರುವಂತೆಯೇ ಆಕೆ ಬಗ್ಗಿ ಎರಡೂ ಅಂಗೈಯನ್ನು ನೆಲಕ್ಕೂರಿದಳು. ಎದ್ದಳು. ಮತ್ತೆ ಬಗ್ಗಿದಳು. ಚರ್ ಎಂಬ ಸದ್ದೂ ಇಲ್ಲ.

"ನಿಮ್ಮದು ಹೇಗಮ್ಮಾ ಉಳೀತು?" ಮೇಡಂ ಬೆರಗಾದರು.

"ಒಂದು ಚೌಕದ ತುಂಡು ಸೇರಿಸಿದ್ದೆ ಮೇಡಂ. ನೆಲದ ಮೇಲೆ ಬಿದ್ದಿದ್ದ ಚೂರು." ಆಕೆ ಚೀಲ ತಂದು ಬೋರಲು ಹಾಕಿದಳು. ಒಂದೇ ಅಳತೆಯ ಬಿಳಿ ಚೌಕಗಳು ಒಂದರ ಮೇಲೊಂದು ಬಿದ್ದವು. "ಎಲ್ಲರಿಗೂ ಬೇಕಾಗುತ್ತೆ ಅಂತ ಕತ್ತರಿಸಿ ತಂದಿದ್ದೀನಿ. ಇಪ್ಪತ್ತೆಂಟು."

ಮಾಸ್ಟರ್ ದಂಗಾದರು. ಆದರೂ ತಪ್ಪು ಹುಡುಕುವ ಹುಮ್ಮಸ್ಸು ಇಳಿದಿರಲಿಲ್ಲ. "ಒಂದು ಕಮ್ಮಿ ಇದೆ! ನಿನ್ನದು ಬಿಟ್ಟರೆ ಇಪ್ಪತ್ತೊಂಬತ್ತು ಆಗಬೇಕು. ನನ್ನದೆಲ್ಲಿ?"

"ನಿಮ್ಮದು ಹರೀಬೇಕಾದರೆ ಮೊದಲು ನೀವು ಬಗ್ಗಬೇಕಲ್ಲ ರೀ!"

ಚಾಪೆಗಳೆಲ್ಲ ಗಹಗಹಿಸಿ ನಕ್ಕವು. ಮಿಕ್ಕವರ ಅಂಗೈ ನೆಲದಲ್ಲಿದ್ದಾಗ ಮಾಸ್ಟರರ ಅಂಗೈ ಮೊಣಕಾಲಿಗಿಂತ ಒಂದು ಗೇಣು ಮೇಲೆಯೇ ಬಿಡಾರ ಹೂಡಿತ್ತು. ಆಸನ ಅಲ್ಲಿಗೇ ಮುಗಿಯುತ್ತದೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಮಾಸ್ಟರರ ಕಣ್ಣ ಮುಂದೆ ಆ ಕತ್ತರಿ ಬಂದು ನಿಂತಿತು. ತಮ್ಮ ಪ್ಯಾಂಟೊಂದು ಗೆದ್ದರೆ ಸಾಕು, ಕತ್ತರಿ ಉಳಿಸಿಕೊಳ್ಳಲು ಏನಾದರೂ ವಾದ ಸಿಗುತ್ತದೆ!

"ಎಲ್ಲರೂ ಸರಿಯಾಗಿ ನೋಡಿ! ಈಗ ಪೂರ್ತಿ ಬಗ್ತೀನಿ!"

"ಬೇಡ ಮಾಸ್ಟರೇ! ನಿಧಾನ!" ಮೇಡಂ ಓಡಿ ಬಂದರು.

ಮಾಸ್ಟರ್ ಕಣ್ಣು ಮುಚ್ಚಿ, ಮೂವತ್ತು ವರ್ಷದ ಗೌರವವನ್ನೆಲ್ಲ ಒಟ್ಟು ಮಾಡಿ ಬಗ್ಗಿದರು.

ಕಟಕ್!

"ಹರೀತಾ?" ಬಗ್ಗಿದಲ್ಲಿಂದಲೇ ಕೇಳಿದರು.

ಮ್ಯಾನೇಜರ್ ಚಾಪೆ ಸಮೇತ ಬಂದು ಹಿಂದಿನಿಂದ ಪರೀಕ್ಷಿಸಿದರು. "ಇಲ್ಲ. ಪ್ಯಾಂಟಿಗೆ ಏನೂ ಆಗಿಲ್ಲ."

"ಮತ್ತೆ ಆ ಸದ್ದು?"

"ಅದು ನಿಮ್ಮದು ಮಾಸ್ಟರೇ!"

ಅವರು ಮೇಲೂ ಬರಲಿಲ್ಲ, ಕೆಳಗೂ ಹೋಗಲಿಲ್ಲ. ಟವೆಲ್ ಸಿಕ್ಕ ನಾಲ್ವರು ಅವರನ್ನು ಕುರ್ಚಿಯಂತೆ ಎತ್ತಿ ವ್ಯಾನಿಗೆ ಹಾಕಿದರು. ಅಂಗಡಿಯಲ್ಲಿ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಇಳಿಸಿದಾಗ ಎಲ್ಲರಿಗೂ ಆಶ್ಚರ್ಯ. ಮೆಷಿನ್ ಮೇಲೆ ಬಗ್ಗುವ ಎಂದಿನ ಭಂಗಿಗಿಂತ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿದ್ದರು! ವೈದ್ಯರು ಬಂದು, ಒಂದು ವಾರ ಮೇಲೆ ನೋಡುವ ಪ್ರಯತ್ನವನ್ನೂ ಮಾಡಬಾರದೆಂದು ಹೇಳಿ ಹೋದರು.

ಸಂಜೆಯ ಹೊತ್ತಿಗೆ ಇಪ್ಪತ್ತೆಂಟು ಪ್ಯಾಂಟುಗಳ ಗಂಟು ಅಂಗಡಿಗೆ ವಾಪಸ್ ಬಂತು. ಹೆಂಡತಿ ಕೈ ಚಾಚಿದಳು. ಮಾಸ್ಟರ್ ಕತ್ತರಿಯನ್ನು ಎರಡೂ ಕೈಯಿಂದ ಆಕೆಯತ್ತ ತಳ್ಳಿದರು. ಆಡಿದ ಮಾತಿನಂತೆ ಸೂಜಿ ಹಿಡಿದು ಕಾಜಾ ಮಾಡತೊಡಗಿದರು. ಆಕೆ ಹೊಸ ಬಟ್ಟೆ ಹರಡಿ, ಸೀಮೆಸುಣ್ಣದ ಗೆರೆಯನ್ನೂ ಎಳೆಯದೆ ಕರಕರನೆ ಕತ್ತರಿಸಿದಳು. ಮಾಸ್ಟರ್ ಬಾಗಿದಲ್ಲಿಂದಲೇ ಬಟ್ಟೆಯ ಅಂಚು ನೋಡಿದರು. ಬೆಳಗಿನಿಂದ ತಿಂದ ಆಘಾತಗಳಲ್ಲೆಲ್ಲ ಇದೇ ದೊಡ್ಡದು: ಅಂಚು ಅವರದಕ್ಕಿಂತ ನೇರವಾಗಿತ್ತು!

"ಇದನ್ನ ಯಾವಾಗ ಕಲಿತೆ?"

"ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದ್ದೀನಲ್ಲ ರೀ. ಆ ಕಾಜಾ ಸೊಟ್ಟ ಹೋಗ್ತಿದೆ, ಬಿಚ್ಚಿ."

ಮಾಸ್ಟರ್ ಬಿಚ್ಚಿದರು.

ಮೂರನೆಯ ದಿನ ಹಲ್ಲಿನ ಡಾಕ್ಟರ್ ಬಟ್ಟೆ ಹಿಡಿದುಕೊಂಡು ಬಂದರು.

"ಮಾಸ್ಟರೇ, ಒಂದು ಪ್ಯಾಂಟಿಗೆ ಅಳತೆ ತಗೊಳ್ಳಿ."

ಮಾಸ್ಟರರ ಜೀವ ಚಿಗುರಿತು. ಗಿರಾಕಿ ಕೈಬಿಟ್ಟಿಲ್ಲ! ಕೊರಳಲ್ಲಿದ್ದ ಟೇಪು ಎಳೆದುಕೊಂಡು, ಕಣ್ಣಿಗೆ ಕಾಣುತ್ತಿದ್ದ ಡಾಕ್ಟರರ ಮೊಣಕಾಲಿಗೇ ಗತ್ತಿನಿಂದ ಹೇಳಿದರು:

"ನೆಟ್ಟಗೆ ನಿಂತ್ಕೊಳ್ಳಿ ಸಾರ್!"

ಮೊಣಕಾಲು ಅವರನ್ನು ದಾಟಿ, ಹೆಂಡತಿಯ ಕತ್ತರಿ ಸದ್ದು ಮಾಡುತ್ತಿದ್ದ ಕಟಿಂಗ್ ಟೇಬಲ್ಲಿನ ಕಡೆ ಹೋಯಿತು.

"ನೀವು ಕೂತ್ಕೊಳ್ಳಿ ಸ್ವಾಮಿ," ಎಂದರು ಡಾಕ್ಟರ್. "ನಾನು ಹೇಳಿದ್ದು ಮಾಸ್ಟರಿಗೆ."